ಗ್ರೂವಿಂಗ್ ಇನ್ಸರ್ಟ್ ಸೈಜ್ ಬದಲಿಸಿದ್ರಾ? ಸೈಕಲ್ ಸ್ಟಾರ್ಟ್ ಒತ್ತೋ ಮುಂಚೆ ಇದನ್ನು ಓದಿ

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್, ಎರಡು ಸಿಎನ್‌ಸಿ ಲೇತ್ (ಜಾಬ್ ಅಂದ್ರೆ ಲೋಹದ ತುಂಡನ್ನು ತಿರುಗಿಸಿ, ಪ್ರೋಗ್ರಾಂ ಪ್ರಕಾರ ಕಡಿಯುವ ಮಷಿನ್) ಇವೆ. ಜಾಬ್ ಸುತ್ತ ಗ್ರೂವ್ ಅಂದ್ರೆ ತೋಡು ಕಡಿಯೋದು ಗ್ರೂವಿಂಗ್ ಇನ್ಸರ್ಟ್, ಹೋಲ್ಡರ್ ತುದಿಗೆ ಕೂರಿಸುವ ಸಣ್ಣ ಕಡಿಯುವ ತುಂಡು. ಹೋದ ವಾರ ರಾತ್ರಿ ಆಪರೇಟರ್ ಹುಡುಗ ಬಂದು "ಅಣ್ಣಾರ, 3 ಎಂಎಂ ಇನ್ಸರ್ಟ್ ಖಾಲಿ ಆಗ್ಯಾವ್ರಿ, 2ರದ್ದು ಹಾಕ್ಲೇನ್ರಿ?" ಅಂದ. ಬೆಳಿಗ್ಗೆ ಮಾಲು ಹೋಗಬೇಕಿತ್ತು. ಹಾಕು ಅಂದೆ. ಅವನು ಹೋಲ್ಡರ್ ಬದಲಿಸಿ ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಅಂತ ಮಷಿನ್‌ಗೆ ಕೊಡುವ ಅಳತೆ) ಸರಿಯಾಗಿಯೇ ತಗೊಂಡ. ಪ್ರೋಗ್ರಾಂ ಬರೆದವನು ನಾನು, ಅದನ್ನೂ ಬದಲಿಸಬೇಕು ಅಂತ ಹೇಳಬೇಕಾದವನೂ ನಾನೇ. ಹೇಳಲಿಲ್ಲ.

ಗ್ರೂವ್ 8 ಎಂಎಂ ಅಗಲ, ಝಡ್ (ಜಾಬ್ ಉದ್ದಕ್ಕೆ ಇರುವ ಅಳತೆ) ಮೈನಸ್ 20ರಿಂದ 28ರವರೆಗೆ. ಗ್ರೂವ್ ಕಡಿಯೋಕೆ ಪ್ರೋಗ್ರಾಂನಲ್ಲಿ ಬರೆಯುವ ಜಿ75 ಆದೇಶದಲ್ಲಿ ಕ್ಯೂ 2500 ಇತ್ತು, ಅಂದ್ರೆ ಟೂಲ್ ಒಂದು ಸಲ ಇಳಿದು ಎದ್ದ ಮೇಲೆ ಪಕ್ಕಕ್ಕೆ 2.5 ಎಂಎಂ ಸರಿಯುತ್ತೆ. 3ರ ಇನ್ಸರ್ಟ್‌ಗೆ ಸರಿಯೇ. 2ರದ್ದು ಹಾಕಿದಾಗ ಒಂದು ಇಳಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಎಂಎಂ ಗೋಡೆ ಹಾಗೇ ನಿಲ್ಲುತ್ತೆ, ಕೂಲಂಟ್ ಸುರಿಯುವಾಗ ಅದು ಕಣ್ಣಿಗೂ ಬೀಳಲ್ಲ. ಮಷಿನ್‌ಗೆ ಇನ್ಸರ್ಟ್ ಅಗಲ ಗೊತ್ತಿರಲ್ಲ, ಹಾಗಾಗಿ ಅಲಾರಂ ಕೂಡ ಬರಲಿಲ್ಲ. ಕೊನೆಗೆ ಫಿನಿಶಿಂಗ್‌ಗೆ (ಗ್ರೂವ್ ನುಣುಪು ಮಾಡೋಕೆ) ಟೂಲ್ ತಳದಲ್ಲಿ ಪಕ್ಕಕ್ಕೆ ಹೊರಟಿತು, ಟಕ್ ಅಂತ ಸದ್ದು. ಬಾಗಿಲು ತೆಗೆದು ನೋಡಿದ್ರೆ ಇನ್ಸರ್ಟ್ ತುದಿ ಮುರಿದಿತ್ತು, ಬಳೆಯಂಥ ತೆಳು ಉಂಗುರ ಹೋಲ್ಡರ್‌ಗೂ ಜಾಬ್‌ಗೂ ನಡುವೆ ಸಿಕ್ಕಿಕೊಂಡಿತ್ತು, ಹೋಲ್ಡರ್‌ನ ಬ್ಲೇಡ್ (ಇನ್ಸರ್ಟ್ ಹಿಡಿಯುವ ತೆಳು ಭಾಗ) ಬಾಗಿತ್ತು.

ಅದು ಮುರಿಯದೇ ಇದ್ದಿದ್ರೂ ಜಾಬ್ ರಿಜೆಕ್ಟೇ. ನಾವು ಟಚ್ ತಗೊಳ್ಳೋದು (ಆಫ್‌ಸೆಟ್‌ಗೆ ಟೂಲ್ ಮುಟ್ಟಿಸಿ ಅಳೆಯೋದು) ಇನ್ಸರ್ಟ್‌ನ ಚಕ್ ಕಡೆಯ, ಅಂದ್ರೆ ಜಾಬ್ ಹಿಡಿದಿರುವ ಕಡೆಯ ಅಂಚಿನಿಂದ, ಮೊದಲ ಇಳಿತ ಮೈನಸ್ 23ಕ್ಕೆ. 3ರ ಇನ್ಸರ್ಟ್ ಆದ್ರೆ 20ರಿಂದ ಕಡಿಯುತ್ತೆ, 2ರದ್ದು 21ರಿಂದ. ಗ್ರೂವ್ 7 ಎಂಎಂ ಆಗಿಬಿಡುತ್ತೆ!

ದಯವಿಟ್ಟು ಇಷ್ಟು ಮಾಡಿ. ಸ್ಟಾರ್ಟ್ ಪಾಯಿಂಟ್, ಕ್ಯೂ ಎರಡನ್ನೂ ಹೊಸ ಅಗಲಕ್ಕೆ ತಕ್ಕಂತೆ ಬದಲಿಸಿ. ಕ್ಯೂ ಯಾವಾಗ್ಲೂ ಇನ್ಸರ್ಟ್ ಅಗಲಕ್ಕಿಂತ ಕಮ್ಮಿ ಇರಲಿ. ನಾವು ಈಗ 2ರದ್ದಕ್ಕೆ ಮೈನಸ್ 22, ಕ್ಯೂ 1500 ಇಟ್ಟಿದ್ದೇವೆ (ನಮ್ಮ ಫ್ಯಾನುಕ್ ಕಂಟ್ರೋಲ್‌ನಲ್ಲಿ ಇದು ಮೈಕ್ರಾನ್ ಲೆಕ್ಕ). ಫಿನಿಶಿಂಗ್ ಸಾಲುಗಳ ಝಡ್ ಕೂಡ ನೋಡಿ, ಅದನ್ನೇ ಜಾಸ್ತಿ ಮರೆಯೋದು. ಮೊದಲ ಜಾಬ್ ಸಿಂಗಲ್ ಬ್ಲಾಕ್‌ನಲ್ಲೇ (ಪ್ರೋಗ್ರಾಂನ ಒಂದೊಂದೇ ಸಾಲು) ಓಡಿಸಿ, ಫಿನಿಶಿಂಗ್‌ಗೆ ಮುಂಚೆ ನಿಲ್ಲಿಸಿ, ಕೂಲಂಟ್ ಬಂದ್ ಮಾಡಿ ಟಾರ್ಚ್ ಹಾಕಿ ಗ್ರೂವ್ ಒಳಗೆ ನೋಡಿ. ಗೋಡೆ ನಿಂತಿದ್ರೆ ಅಲ್ಲೇ ಕಾಣುತ್ತೆ.