ಬೋಟಿನ ಸ್ವಿಮ್ ಪ್ಲಾಟ್‌ಫಾರ್ಮ್ ಮನೆಯಲ್ಲೇ ಉದ್ದ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಹೋದ ವರ್ಷ ಜುಲೈನ ಒಂದು ಭಾನುವಾರ ನಮ್ಮ ಅಪ್ಪಯ್ಯ ಬೋಟಿನ ಹಿಂಬದಿಯಿಂದ ನೀರಿಗೆ ಬಿದ್ದರು. ಕಾಲು ಜಾರಿ ಬಿದ್ದದ್ದಲ್ಲ. ಅವರು ನಿಂತಿದ್ದ ಸ್ವಿಮ್ ಪ್ಲಾಟ್‌ಫಾರ್ಮೇ, ಅಂದರೆ ನೀರಿಗಿಳಿಯಲು ಬೋಟಿನ ಹಿಂಬದಿಗೆ ಜೋಡಿಸಿದ ಕಟ್ಟೆಯೇ, ಮುರಿಯಿತು. ಮುರಿದ ಫೈಬರ್‌ಗ್ಲಾಸಿನ ಅಂಚು ಅವರ ಮೊಣಕಾಲಿನ ಕೆಳಗೆ ಸೀಳಿ 11 ಹೊಲಿಗೆ ಬಿತ್ತು. ಅವರಿಗೆ 71 ವರ್ಷ. ಆ ಪ್ಲಾಟ್‌ಫಾರ್ಮ್ ಕಟ್ಟಿದವನು ನಾನೇ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಇಲ್ಲಿ ನಮ್ಮ ಕನ್ನಡದ ಸ್ನೇಹಿತರಲ್ಲೂ ಬೋಟ್ ಇಟ್ಟುಕೊಂಡವರಿದ್ದಾರೆ. ಹೊಸದರ ಬೆಲೆ ಕೈಗೆಟಕುವುದಿಲ್ಲ. ಇಪ್ಪತ್ತು ವರ್ಷ ಹಳೆಯದು ತಂದು, ವಿಡಿಯೊ ನೋಡಿಕೊಂಡು ರಿಪೇರಿ ನಾವೇ ಮಾಡುತ್ತೇವೆ. ಹಾಗೆ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಜನ ಮೈಭಾರ ಹಾಕಿ ನಿಲ್ಲುವ ಭಾಗಕ್ಕೆ ಕೈ ಹಾಕುವ ಮುಂಚೆ ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸುವ ವಿಷಯಗಳಿವೆ. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 21 ಅಡಿಯ ಬೋಟ್, 2001ರ ಮಾಡೆಲ್, ಸ್ಟರ್ನ್‌ಡ್ರೈವ್ ಇಂಜಿನ್ (ಇಂಜಿನ್ ಬೋಟಿನ ಒಳಗೆ, ನೀರು ತಳ್ಳುವ ಡ್ರೈವ್ ಹಿಂಗೋಡೆಯ ಹೊರಗೆ). ಹಿಂಬದಿಯಲ್ಲಿ 20 ಇಂಚು ಅಗಲದ ಪ್ಲಾಟ್‌ಫಾರ್ಮ್, ಅದಕ್ಕೊಂದು ಮಡಚುವ ಏಣಿ. ನೀರಿಗಿಳಿಯುವವರು, ಹತ್ತುವವರು ಎಲ್ಲರೂ ಅಲ್ಲಿಂದಲೇ. ಕಳೆದ ವರ್ಷ ಏಪ್ರಿಲ್‌ನಲ್ಲಿ ಚಳಿಗಾಲದ ಹೊದಿಕೆ ತೆಗೆದಾಗ ಏಣಿಯ ಹತ್ತಿರ ಕಾಲಿಟ್ಟರೆ ಸ್ವಲ್ಪ ಮೆತ್ತಗೆ ಅನ್ನಿಸಿತು. ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಗಟ್ಟಿ ಇದ್ದ ಕಡೆ ಟಕ್ ಟಕ್ ಅಂತ ಸ್ಪಷ್ಟ ಸದ್ದು. ಏಣಿಯ ಸುತ್ತ ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ ಬೊದ್ದು ಸದ್ದು. ಏಣಿಯ ಸ್ಕ್ರೂ ಬಿಚ್ಚಿದರೆ ತೂತಿನಿಂದ ಕಂದು ನೀರು ಇಳಿಯಿತು.

ಹೊರಗಿನಿಂದ ನೋಡಿದರೆ ಪ್ಲಾಟ್‌ಫಾರ್ಮ್ ಪೂರ್ತಿ ಫೈಬರ್ ಅನ್ನಿಸುತ್ತದೆ. ಒಳಗೆ ಹಾಗಿಲ್ಲ. ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಪ್ಲೈವುಡ್. ಗಟ್ಟಿತನ ಬರುವುದು ಈ ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ. ಹಳೆಯ ಮಾಲೀಕರು ಯಾರೋ ಏಣಿ ಬದಲಿಸುವಾಗ ನೀರು ತಡೆಯುವ ಸೀಲೆಂಟ್ ಹಾಕದೆ ಸ್ಕ್ರೂ ತಿರುಗಿಸಿದ್ದರು. ಆ ನಾಲ್ಕು ತೂತಿನಿಂದ ವರ್ಷಾನುಗಟ್ಟಲೆ ನೀರು ಒಳಗೆ ಹೋಗಿದೆ. ಇಲ್ಲಿನ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಪದರವನ್ನು ಎಬ್ಬಿಸುತ್ತದೆ. ಎದ್ದ ಜಾಗಕ್ಕೆ ಮುಂದಿನ ವರ್ಷ ಇನ್ನಷ್ಟು ನೀರು. ಮೇಲಿನ ಪದರ ಕತ್ತರಿಸಿ ತೆಗೆದಾಗ ಪ್ಲೈವುಡ್ ಒದ್ದೆ ಚಹಾ ಚರಟದ ಹಾಗಿತ್ತು. ಕೈಯಲ್ಲೇ ಬಾಚಿ ತೆಗೆದೆ.

ಮೊದಲ ತಪ್ಪು ಮಾಡಿದ್ದು ಇಲ್ಲೇ. ಕೊಳೆತದ್ದನ್ನು ಮಾತ್ರ ತೆಗೆದು, ಬಣ್ಣ ಕಪ್ಪಾಗಿದ್ದರೂ ಗಟ್ಟಿ ಇದ್ದ ಮರವನ್ನು ಹಾಗೇ ಬಿಟ್ಟೆ. ಹೀಟರ್, ಫ್ಯಾನ್ ಇಟ್ಟು ಎರಡು ದಿನ ಒಣಗಿಸಿದೆ. ಮುಟ್ಟಿದರೆ ಒಣಗಿತ್ತು. ಆದರೆ ಮೇಲ್ಮೈ ಒಣಗಿದ ಮಾತ್ರಕ್ಕೆ ಪ್ಲೈವುಡ್ಡಿನ ಒಳ ಪದರ ಒಣಗಿದೆ ಅಂತ ಅಲ್ಲ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪ್ ಹಾಕಿ ಅಂಟಿಸಿ ರಾತ್ರಿ ಬಿಟ್ಟಿದ್ದರೆ ಬೆಳಿಗ್ಗೆ ಅದರ ಒಳಗೆ ಬೆವರು ಕಾಣುತ್ತಿತ್ತು. ಅಷ್ಟೂ ನಾನು ಮಾಡಲಿಲ್ಲ. ಕಪ್ಪಾದ ಮರ ಕಂಡರೆ ತಿಳಿಬಣ್ಣದ ಒಣ ಮರ ಸಿಗುವ ತನಕ ಕತ್ತರಿಸುತ್ತಲೇ ಹೋಗಿ. ನಡುವೆ ನಿಲ್ಲಿಸಬೇಡಿ.

ಹೇಗೂ ಬಿಚ್ಚಿ ಆಗಿದೆ, ಉದ್ದವನ್ನೂ ಮಾಡಿಬಿಡೋಣ ಅನ್ನಿಸಿತು. ಜೂನ್‌ನಲ್ಲಿ ಅಪ್ಪಯ್ಯ, ಅಮ್ಮ ಊರಿನಿಂದ ಬರುವವರಿದ್ದರು. ನಮ್ಮೂರು ಗಂಗೊಳ್ಳಿ. ಅಪ್ಪಯ್ಯ ಹುಡುಗನಾಗಿದ್ದಾಗಿನಿಂದ ಹೊಳೆಯಲ್ಲಿ ಈಜಿದವರು. ಈಗ ಮಂಡಿನೋವು. ಅಗಲದ ಕಟ್ಟೆಯ ಹಾಗೆ ಇದ್ದರೆ ಆರಾಮಾಗಿ ಕೂತು ನೀರಿನಲ್ಲಿ ಕಾಲು ಇಳಿಬಿಡಬಹುದು ಅಂತ ನನ್ನ ಆಸೆ. ಇನ್ನೂ 18 ಇಂಚು ಸೇರಿಸಿ ಒಟ್ಟು 38 ಇಂಚು ಮಾಡುವುದು ಅಂತ ಲೆಕ್ಕ ಹಾಕಿದೆ.

ಈಗ ರೆಸಿನ್ ವಿಷಯ, ಅಂದರೆ ಫೈಬರ್ ಪದರಗಳನ್ನು ನೆನೆಸಿ ಗಟ್ಟಿ ಮಾಡುವ ಅಂಟು ದ್ರವ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಪಾಲಿಯೆಸ್ಟರ್ ರೆಸಿನ್. ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್‌ಗಿಂತ ತುಂಬಾ ಅಗ್ಗ. ಪಾಲಿಯೆಸ್ಟರ್‌ನಲ್ಲೂ ಎರಡು ಬಗೆ ಇದೆ. ಲ್ಯಾಮಿನೇಟಿಂಗ್ ರೆಸಿನ್ ಗಾಳಿ ತಾಗುವ ಕಡೆ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಆ ಅಂಟಿನ ಮೇಲೆ ಮುಂದಿನ ಪದರ ಚೆನ್ನಾಗಿ ಕೂರುತ್ತದೆ. ಫಿನಿಶಿಂಗ್ ರೆಸಿನ್‌ನಲ್ಲಿ ಮೇಣ ಬೆರೆಸಿರುತ್ತಾರೆ. ಗಟ್ಟಿಯಾಗುವಾಗ ಮೇಣ ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ, ಮೇಲ್ಮೈ ನುಣ್ಣಗೆ ಒಣಗುತ್ತದೆ. ನಾನು ತಂದದ್ದು ಮೇಣ ಇದ್ದ ಡಬ್ಬಿ. ಲೇಬಲ್ಲಿನ ಸಣ್ಣ ಅಕ್ಷರ ಓದಲಿಲ್ಲ. ಮೊದಲ ವಾರಾಂತ್ಯ ಎರಡು ಪದರ ಹಾಕಿದೆ. ಮುಂದಿನ ವಾರ ಬಂದು ಮುಟ್ಟಿ ನೋಡಿದರೆ ಒಳ್ಳೆ ಗಾಜಿನ ಹಾಗೆ ಒಣಗಿದೆ! ಖುಷಿಯಾಗಿ ಅದರ ಮೇಲೆಯೇ ಇನ್ನು ಮೂರು ಪದರ ಹಾಕಿದೆ. ಅಂದರೆ ಮೇಣದ ಮೇಲೆ ಹಾಕಿದೆ. ಮೊದಲು ಸಾಲ್ವೆಂಟ್‌ನಲ್ಲಿ ಮೇಣ ಒರೆಸಿ, ಆಮೇಲೆ ಒರಟು ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗುವ ತನಕ ಉಜ್ಜಬೇಕಿತ್ತು. ಒರೆಸದೆ ಉಜ್ಜಿದರೂ ಮೇಣ ಒಳಗೇ ತಿಕ್ಕಿಕೊಳ್ಳುತ್ತದೆ.

ಎಪಾಕ್ಸಿ ತಂದರೂ ಅದರದೇ ಕಟ್ಟುಪಾಡುಗಳಿವೆ. ಎಪಾಕ್ಸಿ ಗಟ್ಟಿಯಾದ ಮೇಲೆ ಕೆಲವು ಸಲ ಸಾಬೂನು ಸವರಿದ ಹಾಗೆ ಜಿಡ್ಡು ಪದರ ಏಳುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಅಸಿಟೋನ್‌ನಲ್ಲಿ ಸರಿಯಾಗಿ ಹೋಗುವುದಿಲ್ಲ. ನೀರು ಹಾಕಿ ತಿಕ್ಕಿ ತೊಳೆದು, ಒಣಗಿದ ಮೇಲೆ ಉಜ್ಜಬೇಕು. ಇನ್ನೊಂದು ಮಾತು. ಪಾಲಿಯೆಸ್ಟರ್ ಗಟ್ಟಿಯಾಗಲು ಹಾಕುವ ಕ್ಯಾಟಲಿಸ್ಟ್ ಸಾಧಾರಣ 1ರಿಂದ 2 ಶೇಕಡಾ. ಬಿಸಿಲು ಜಾಸ್ತಿ ಇದ್ದರೆ ಕಡಿಮೆ, ತಂಪಿದ್ದರೆ ಜಾಸ್ತಿ ಅಂತ ಆ ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಗೆ ಆ ಆಟ ನಡೆಯುವುದಿಲ್ಲ. ಬೇಗ ಆಗಲಿ ಅಂತ ಅದರ ಜೊತೆ ಬೆರೆಸುವ ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಆಗುವುದಿಲ್ಲ, ಕೊನೆಯವರೆಗೂ ರಬ್ಬರ್ ಹಾಗೇ ಉಳಿಯುತ್ತದೆ. ತಯಾರಕರು ಕೊಟ್ಟ ಅಳತೆ ಅಂದರೆ ಅದೇ ಅಳತೆ. ಅಗ್ಗದ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್‌ನ, ಅಂದರೆ ತುಂಡು ಗಾಜಿನೆಳೆಗಳ ಹಾಸಿನ, ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಆ ಮ್ಯಾಟ್ ಹಾಕಿದರೆ ಸರಿಯಾಗಿ ನೆನೆಯದೆ ಬಿಳಿ ಬಿಳಿ ಉಳಿಯುತ್ತದೆ. ಎಪಾಕ್ಸಿಗೆ ಗಾಜಿನೆಳೆಯ ಹೊಲಿದ ಬಟ್ಟೆಯನ್ನೇ ಕೇಳಿ ತನ್ನಿ. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ಹಿಡಿಯುವುದಿಲ್ಲ. ಕ್ಯಾಟಲಿಸ್ಟ್ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಸುರಕ್ಷಾ ಕನ್ನಡಕ ಹಾಕದೆ ಆ ಬಾಟಲಿ ಮುಚ್ಚಳ ತೆರೆಯಲೇಬೇಡಿ.

ಜೋಡಣೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಾಯಿತು. ಹಳೆಯ ಪ್ಲಾಟ್‌ಫಾರ್ಮಿನ ಅಂಚಿಗೆ ಹೊಸ ಪ್ಲೈವುಡ್ ಅನ್ನು ನೇರ ತಾಗಿಸಿ ಇಟ್ಟು, ಮೇಲಿನಿಂದ ಕೆಳಗಿನಿಂದ ನಾಲ್ಕು ಇಂಚಿನ ಪಟ್ಟಿ ಅಂಟಿಸಿದ್ದೆ. ಹಳೆಯ ಕಡೆ ಜೆಲ್‌ಕೋಟನ್ನು (ಹೊರಮೈಯ ಬಣ್ಣದ ಲೇಪ) ಪೂರ್ತಿ ತೆಗೆಯದೆ ಬರೀ ಒರಟು ಮಾಡಿದ್ದೆ. ಮಾಡಬೇಕಿದ್ದದ್ದು ಬೇರೆ. ಹಳೆಯ ಫೈಬರನ್ನು ಗ್ರೈಂಡರ್ ಹಿಡಿದು ಇಳಿಜಾರಾಗಿ ತೆಳ್ಳಗೆ ಮಾಡುತ್ತಾ ಬರಬೇಕು, ದಪ್ಪದ 12 ಪಟ್ಟು ಉದ್ದಕ್ಕೆ. 6 ಮಿಲಿಮೀಟರ್ ದಪ್ಪ ಇದ್ದರೆ 72 ಮಿಲಿಮೀಟರ್ ಇಳಿಜಾರು. ಆ ಇಳಿಜಾರಿನ ಮೇಲೆ ಒಂದೊಂದೇ ಪದರ ಹಬ್ಬಿಸಬೇಕು. ಹಾಗಾದರೆ ಭಾರ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ.

ನನ್ನದರಲ್ಲಿ ಇಡೀ ಭಾರ ಆ ಒಂದು ಗೆರೆಯ ಮೇಲೆ. ಯಾಕೆಂದರೆ ಪ್ಲಾಟ್‌ಫಾರ್ಮನ್ನು ಕೆಳಗಿನಿಂದ ಹೊರುವ ಬ್ರಾಕೆಟ್‌ಗಳನ್ನು ಹಳೆಯ ಜಾಗದಲ್ಲೇ ಬಿಟ್ಟಿದ್ದೆ. ಅವು ಹಳೆಯ ಅಂಚಿಗೇ ಮುಗಿಯುತ್ತಿದ್ದವು. ಹೊಸ 18 ಇಂಚು ಬರೀ ಗಾಳಿಯಲ್ಲಿ. ಬೋಟಿನ ಹಿಂಗೋಡೆಯ ಲೆಕ್ಕವನ್ನೂ ನಾನು ಮಾಡಿರಲಿಲ್ಲ. ಅದೇ ಮನುಷ್ಯ 20 ಇಂಚಿನ ಅಂಚಿನಲ್ಲಿ ನಿಲ್ಲುವ ಬದಲು 38 ಇಂಚಿನ ಅಂಚಿನಲ್ಲಿ ನಿಂತರೆ ಗೋಡೆಯ ಸ್ಕ್ರೂಗಳನ್ನು ಎಳೆಯುವ ಜಗ್ಗು ಹತ್ತಿರ ಹತ್ತಿರ ಎರಡು ಪಟ್ಟು. ಮನೆಯ ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ, ಆಮೇಲೆ ಹಿಡಿಕೆಯ ಹತ್ತಿರ ತಳ್ಳಿ ನೋಡಿ, ಕೈಗೇ ಗೊತ್ತಾಗುತ್ತದೆ.

ಸೇಂಟ್ ಕ್ಲೇರ್ ಸರೋವರದಲ್ಲಿ ಮಸ್ಕಮೂಟ್ ಕೊಲ್ಲಿ ಅಂತ ಒಂದು ಜಾಗ ಇದೆ. ಸೊಂಟದ ಮಟ್ಟ ನೀರು, ಕೆಳಗೆ ಮರಳು. ಬೇಸಿಗೆಯಲ್ಲಿ ಬೋಟ್‌ಗಳು ಅಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ನಾವೂ ನಿಂತಿದ್ದೆವು. ಅಪ್ಪಯ್ಯ ಪ್ಲಾಟ್‌ಫಾರ್ಮ್ ಮೇಲೆ ಬಂದವರೇ ಒಂದು ಸಲ ಕಾಲಿನಿಂದ ಒತ್ತಿ ನೋಡಿ, "ಗಟ್ಟಿ ಇತ್ತಾ ಮಗಾ ಇದ್?" ಅಂತ ಕೇಳಿದರು. "ಹೌದು ಅಪ್ಪಯ್ಯ, ನಾನೇ ಕಟ್ಟಿದ್ದು" ಅಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ನನ್ನ ಬಾವ, ಅವರ ಮಗ, ಅಪ್ಪಯ್ಯ, ಮೂವರೂ ಅಂಚಿಗೆ ಬಂದಿದ್ದರು. ಪಕ್ಕದ ಬೋಟೊಂದು ಹೋದಾಗ ಅಲೆ ಬಂತು. ಬೋಟಿನ ಹಿಂಬದಿ ಎದ್ದು ಕೂತಿತು. ಒಣ ಬಿದಿರು ಸೀಳಿದ ಹಾಗೆ ಒಂದು ಸದ್ದು. ಹೊಸ ಭಾಗ ಏಣಿಯ ಸಮೇತ ಕೆಳಗೆ ಮಡಚಿಕೊಂಡಿತು. ಬಾವ ಮತ್ತು ಹುಡುಗ ಆಚೆ ಬಿದ್ದರು. ಅಪ್ಪಯ್ಯನ ಕಾಲು ಮಾತ್ರ ಮುರಿದ ಸಂದಿನಲ್ಲಿ ಸಿಕ್ಕಿಕೊಂಡಿತು. ನಾನು ಹಾರಿ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿದಾಗ ನೀರು ಕೆಂಪಾಗಿತ್ತು. "ಹೆದರಬೇಡ ಮಗಾ" ಅಂತ ಅವರೇ ನನಗೆ ಹೇಳಿದರು. ಇಂಜಿನ್ ಆಫ್ ಆಗಿತ್ತು. ಅದೊಂದು ದೇವರು ದೊಡ್ಡವನು. ಏಣಿ ಹೋಗಿದ್ದರಿಂದ ಅವರನ್ನು ಬೋಟಿಗೆ ಹತ್ತಿಸಲು ದಾರಿಯೇ ಇರಲಿಲ್ಲ. ಪಕ್ಕದ ಬೋಟಿನವರು ತಮ್ಮ ಏಣಿಯ ಹತ್ತಿರ ಬರಹೇಳಿ, ತಮ್ಮ ಬೋಟಿನಲ್ಲೇ ದಡ ಮುಟ್ಟಿಸಿದರು.

ಮನೆಗೆ ಬಂದು ಮುರಿದ ಭಾಗ ನೋಡಿದೆ. ಮೇಣದ ಮೇಲೆ ಹಾಕಿದ್ದ ಮೂರು ಪದರ ಕಡುಬಿನಿಂದ ಎಲೆ ಬಿಡಿಸಿದ ಹಾಗೆ ಇಡಿಯಾಗಿ ಎದ್ದು ಬಂದಿತ್ತು. ಅಡಿಯಲ್ಲಿ ಮೊದಲಿನ ಅದೇ ಹೊಳಪು. ಒಂದು ಎಳೆಯೂ ಹಿಡಿದಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಬ್ರಾಕೆಟ್‌ಗಳನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸಲು ನಾನು ಹಿಂಗೋಡೆಗೆ, ಮರಕ್ಕೆ ತಿರುಗಿಸುವ ದೊಡ್ಡ ಸ್ಕ್ರೂ ಹಾಕಿದ್ದೆ, ಒಳಗೆ ಬೋಲ್ಟಿಗೆ ನಟ್ ಹಾಕಲು ಕೈ ಹೋಗುವುದು ಕಷ್ಟ ಅಂತ. ಮುರಿದಾಗ ಅವು ಅರ್ಧ ಕಿತ್ತು ಬಂದವು. ಆ ತೂತುಗಳಿಂದ ಹಿಂಗೋಡೆಯ ಒಳಮರಕ್ಕೂ ನೀರು ಹೋಯಿತು. ರಿಪೇರಿ ಯಾರ್ಡಿನ ಹಿರಿಯರೊಬ್ಬರು ತೂತಿಗೆ ಕಿರುಬೆರಳು ಹಾಕಿ ತಿರುಗಿಸಿ, ಒದ್ದೆ ಮರದ ಪುಡಿ ತೋರಿಸಿದರು. ಇಂಜಿನ್ ಇಳಿಸಿ ಗೋಡೆಯ ಒಂದು ಭಾಗ ಹೊಸದು ಹಾಕಲು 3400 ಡಾಲರ್ ಆಯಿತು. ಪ್ಲಾಟ್‌ಫಾರ್ಮಿಗೆ ನಾನು ಉಳಿಸಲು ಹೊರಟಿದ್ದು ಅದರ ಕಾಲು ಭಾಗವೂ ಅಲ್ಲ.

ಈ ಚಳಿಗಾಲದಲ್ಲಿ ಯಾರ್ಡಿನ ಆ ಹಿರಿಯರ ಕಣ್ಣೆದುರೇ ಪ್ಲಾಟ್‌ಫಾರ್ಮ್ ಮತ್ತೆ ಮಾಡಿದೆ. ಹಳೆಯ ಪ್ಲಾಟ್‌ಫಾರ್ಮ್ ಪೂರ್ತಿ ತೆಗೆದುಹಾಕಿದೆವು. ಮರದ ಬದಲು ಕೊಳೆಯದ ಫೋಮ್ ಹಲಗೆ, ಎಪಾಕ್ಸಿ, ಹೊಲಿದ ಬಟ್ಟೆ. ಸೇರಿಸಿದ್ದು 10 ಇಂಚು ಮಾತ್ರ, ಅದೂ ಜೋಡಣೆ ಇಲ್ಲದೆ ಒಂದೇ ತುಂಡಾಗಿ. ಬ್ರಾಕೆಟ್ ಹೊಸದು, ಹೊರ ಅಂಚಿನ ಹತ್ತಿರದವರೆಗೂ ಚಾಚಿದ್ದು. ಪ್ರತಿ ಬೋಲ್ಟ್ ಗೋಡೆಯ ಆಚೆಗೆ ಹೋಗಿ ದಪ್ಪ ಲೋಹದ ಪಟ್ಟಿಯ ಮೇಲೆ ಬಿಗಿಯಾಗುತ್ತದೆ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆದೆವು. ಇನ್ನು ಬೋಲ್ಟ್ ಸಡಿಲವಾದರೂ ನೀರು ಗೋಡೆಯ ಒಳಮರಕ್ಕೆ ಮುಟ್ಟುವುದಿಲ್ಲ. ಅಲೆ ಕೆಳಗಿನಿಂದ ಬಡಿದಾಗ ನೀರು ಮೇಲೆ ಬರಲು ಉದ್ದನೆಯ ಸೀಳು ಬಿಟ್ಟಿದ್ದೇವೆ. ಸ್ಟರ್ನ್‌ಡ್ರೈವ್ ಇರುವವರು ಅಳತೆ ತೆಗೆಯುವಾಗ ಡ್ರೈವನ್ನು ಪೂರ್ತಿ ಮೇಲೆತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನನ್ನ ಮೊದಲನೆಯದು ಅದಕ್ಕೂ ತಾಗುತ್ತಿತ್ತು.

ಕೊನೆಗೆ ಒಂದು, ಪ್ಲಾಟ್‌ಫಾರ್ಮ್ ಎಷ್ಟೇ ಗಟ್ಟಿ ಇದ್ದರೂ ಅನ್ವಯಿಸುವಂಥದ್ದು. ಇಂಜಿನ್ ಹೊಗೆ ಬರುವುದು ಹಿಂಬದಿಯಿಂದ. ಪ್ಲಾಟ್‌ಫಾರ್ಮ್ ಉದ್ದವಾದಷ್ಟೂ ಅದರಡಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳಲು ಜಾಗ ಜಾಸ್ತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2000ದ ಆಗಸ್ಟ್‌ನಲ್ಲಿ ಅಮೆರಿಕದ ಲೇಕ್ ಪವೆಲ್ ಸರೋವರದಲ್ಲಿ ಹೌಸ್‌ಬೋಟಿನ ಹಿಂದೆ ಈಜುತ್ತಿದ್ದ ಇಬ್ಬರು ಪುಟ್ಟ ಹುಡುಗರು, ಅಣ್ಣ ತಮ್ಮ, ಹೀಗೇ ಸತ್ತರು. ಜನರೇಟರಿನ ಹೊಗೆ ಪ್ಲಾಟ್‌ಫಾರ್ಮಿನ ಅಡಿ ತುಂಬಿತ್ತು. ಇಂಜಿನ್ ಅಥವಾ ಜನರೇಟರ್ ಓಡುತ್ತಿರುವಾಗ ಮಕ್ಕಳನ್ನು ಅಲ್ಲಿ ಕೂರಿಸಬೇಡಿ, ಹಿಡಿದುಕೊಂಡು ತೇಲಲೂ ಬಿಡಬೇಡಿ.

ಮೇ ಬರುತ್ತಿದೆ. ನಿಮ್ಮ ಬೋಟ್ ಇನ್ನೂ ಹೊದಿಕೆಯ ಅಡಿ ಇದ್ದರೆ ನೀರಿಗೆ ಇಳಿಸುವ ಮುಂಚೆ ಏಣಿಯ ಸುತ್ತ ತಟ್ಟಿ ನೋಡಿ. ಬೊದ್ದು ಸದ್ದು ಬಂದರೆ ರೆಸಿನ್ ಕೊಳ್ಳಲು ಓಡಬೇಡಿ, ಮೊದಲು ನನಗೊಂದು ಫೋಟೊ ಕಳಿಸಿ. ವಾರಾಂತ್ಯ ಬಿಡುವಿದ್ದರೆ ನಾನೇ ಬಂದು ನೋಡುತ್ತೇನೆ.