ಬಿಎಸ್ 6 ಡೀಸೆಲ್ ಕಾರು ಮತ್ತು ಡಿಪಿಎಫ್ ದೀಪ: ಲಕ್ಷ ಕಿಲೋಮೀಟರ್ ದಾಟಿದ ಮೇಲೆ ನನ್ನ ಅನುಭವ

ನನ್ನದು 2020ರ ಕೊನೆಯಲ್ಲಿ ತೆಗೆದುಕೊಂಡ ಬಿಎಸ್ 6 ಡೀಸೆಲ್ ಎಸ್‌ಯುವಿ. ಲಕ್ಷ ಕಿಲೋಮೀಟರ್ ದಾಟಿದೆ. ಇಂಜಿನ್, ಗೇರ್‌ಬಾಕ್ಸ್, ಎಸಿ ಯಾವುದರ ಬಗ್ಗೆಯೂ ದೂರಿಲ್ಲ. ಘಾಟಿ ಹತ್ತುವಾಗ ಇದರ ಪಿಕಪ್ ಈಗಲೂ ಖುಷಿ ಕೊಡುತ್ತದೆ. ತಲೆ ತಿಂದಿದ್ದು ಒಂದೇ: ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರಲ್ಲೂ ವಾರಂಟಿ ಮುಗಿದ ಮೇಲೆ.

ಮೊದಲೇ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿತು ಅಂದ ಮಾತ್ರಕ್ಕೆ ಫಿಲ್ಟರ್ ಹೋಯ್ತು ಅಂತ ಅಲ್ಲ. ಎಷ್ಟೋ ಸಲ ತೊಂದರೆ ಬೇರೆ ಕಡೆ ಇರುತ್ತದೆ, ಬಿಲ್ಲು ಮಾತ್ರ ಫಿಲ್ಟರಿಗೆ ಬೀಳುತ್ತದೆ.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ದಾರಿಯಲ್ಲಿ ಜೇನುಗೂಡಿನ ಹಾಗೆ ತೂತುಗಳಿರುವ ಒಂದು ಸೆರಾಮಿಕ್ ಗಟ್ಟಿ ಇರುತ್ತದೆ. ಹೊಗೆಯಲ್ಲಿರುವ ಮಸಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಬುತ್ತಾ ಬಂದಾಗ ಇಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಹತ್ತಿರಕ್ಕೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ‘ರೀಜನ್’ ಅನ್ನುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಆದರೆ ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಗಾಡಿ ಒಂದೇ ಸಮ ಓಡುತ್ತಿರಬೇಕು, ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಬೇಕು. ಗಾಡಿಯ ಕಂಪ್ಯೂಟರಿನಲ್ಲಿ ಬೇರೆ ಯಾವುದಾದರೂ ತೊಂದರೆಯ ಕೋಡ್ (ಫಾಲ್ಟ್ ಕೋಡ್) ಕೂತಿದ್ದರೂ ಎಷ್ಟೋ ಗಾಡಿಗಳಲ್ಲಿ ರೀಜನ್ ಶುರುವೇ ಆಗುವುದಿಲ್ಲ. ಕೆಲವು ಡೀಸೆಲ್ ಗಾಡಿಗಳಿಗೆ ಆಡ್‌ಬ್ಲೂ ಅನ್ನುವ ಯೂರಿಯಾ ದ್ರಾವಣ ಹಾಕುವುದು ಬೇರೆ ವ್ಯವಸ್ಥೆ, ಅದನ್ನೂ ಇದನ್ನೂ ಕಲೆಸಬೇಡಿ.

ಮಸಿ ಸುಡುತ್ತಿದೆ ಅನ್ನುವುದು ಸ್ವಲ್ಪ ಗಮನಿಸಿದರೆ ಗೊತ್ತಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಸ್ವಲ್ಪ ಮೇಲೆ ಇರುತ್ತದೆ. ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ, ಆಫ್ ಮಾಡಿದ ಮೇಲೂ ನಿಲ್ಲುವುದಿಲ್ಲ. ಕಾದ ಲೋಹದ ವಾಸನೆ ಬರುತ್ತದೆ. ಮೈಲೇಜ್ ಆ ಹೊತ್ತಿಗೆ ಬಿದ್ದುಹೋಗುತ್ತದೆ. ಆಗ ಆದಷ್ಟು ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಇನ್ನೊಂದು ವಿಷಯ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರಲ್ಲ, ಅದರ ಮೇಲೆ ಗಾಡಿ ಓಡಿಸಲೇಬೇಡಿ. ಗಾಡಿ ಅಡಿಯಲ್ಲಿ ಸುತ್ತಿಕೊಂಡ ಹುಲ್ಲಿಗೆ ಆ ಬಿಸಿಯಲ್ಲಿ ಬೆಂಕಿ ಹತ್ತಬಹುದು. ಒಣಹುಲ್ಲಿನ ಮೇಲೆ ಪಾರ್ಕಿಂಗೂ ಬೇಡ.

ಮೊದಲೆರಡು ವರ್ಷ ನನಗೆ ಡಿಪಿಎಫ್ ಇದೆ ಅನ್ನುವುದೇ ನೆನಪಿರಲಿಲ್ಲ. ಹಾಸನದ ಕಡೆ ಓಡಾಟ ಜಾಸ್ತಿ ಇತ್ತು, ನೆಲಮಂಗಲ ದಾಟಿದರೆ ಗಾಡಿ ಸಲೀಸಾಗಿ ಓಡುತ್ತಿತ್ತು. ಆಮೇಲೆ ಆಫೀಸ್ ಔಟರ್ ರಿಂಗ್ ರೋಡಿಗೆ ಬಂತು. ಸಿಲ್ಕ್ ಬೋರ್ಡ್, ಬೆಳ್ಳಂದೂರು, ಮಾರತಹಳ್ಳಿ. ಫಸ್ಟ್ ಗೇರು, ಸೆಕೆಂಡ್ ಗೇರು ಅಷ್ಟೇ. ಎಕ್ಸಾಸ್ಟ್ ಬಿಸಿಯಾಗುವಷ್ಟರಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್. ಈ ಥರದ ಓಡಾಟ ಡಿಪಿಎಫ್‌ಗೆ ಒಗ್ಗುವುದೇ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ತುಮಕೂರು ರೋಡಿನಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬಂದರೆ ದೀಪ ತಾನೇ ಆರುತ್ತಿತ್ತು.

ಕಳೆದ ವರ್ಷ ಹಾಗೆ ಮಾಡಿದರೂ ಆರಲಿಲ್ಲ. ಮುಂಚೆ ಮುನ್ನೂರು ನಾನೂರು ಕಿಲೋಮೀಟರಿಗೆ ಒಮ್ಮೆ ಆಗುತ್ತಿದ್ದ ರೀಜನ್ ನೂರು ಕಿಲೋಮೀಟರಿನ ಒಳಗೇ ಬರತೊಡಗಿತು. ಕೊನೆಗೆ ಇಂಜಿನ್ ದೀಪವೂ ಹತ್ತಿ ಗಾಡಿ ಲಿಂಪ್ ಮೋಡಿಗೆ ಹೋಯಿತು. ಎಷ್ಟು ಒತ್ತಿದರೂ ಪವರ್ ಇಲ್ಲ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಹಾಕಿದರು, ಪಿ2463 ಬಂತು. ಮಸಿ ಮಿತಿ ಮೀರಿದೆ ಅನ್ನುವ ಕೋಡ್ ಅದು. ಸ್ಕ್ಯಾನರಿನಿಂದಲೇ ಬಲವಂತವಾಗಿ ಮಸಿ ಸುಡಿಸುವ ಫೋರ್ಸ್ಡ್ ರೀಜನ್ ಮಾಡಿಕೊಟ್ಟರು. ವಾರದೊಳಗೆ ಅದೇ ಕಥೆ. ಎರಡನೇ ಸಲ ಹೋದಾಗ ಫಿಲ್ಟರ್ ಜೋಡಣೆ ಪೂರ್ತಿ ಬದಲಿಸಬೇಕು, ಲಕ್ಷದ ಮೇಲಾಗುತ್ತದೆ ಅಂದರು. ಮಸಿ ಯಾಕೆ ಇಷ್ಟು ಬೇಗ ತುಂಬುತ್ತಿದೆ ಅಂತ ಕೇಳಿದೆ. ‘ಗಾಡಿ ಹಳೇದಾಯ್ತಲ್ಲ ಸರ್’ ಅಂದರು. ಲಕ್ಷ ರೂಪಾಯಿ ಕೇಳುವವರು ಕೊಡಬೇಕಾದ ಉತ್ತರ ಅದಲ್ಲ.

ಗೆಳೆಯನೊಬ್ಬ ಹೇಳಿದ ಮೇಲೆ ಡೀಸೆಲ್ ಕೆಲಸವನ್ನೇ ಮಾಡುವ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಆ ಮೆಕ್ಯಾನಿಕ್ ಇಂಜಿನ್ ಸ್ಟಾರ್ಟ್ ಮಾಡಲೇ ಇಲ್ಲ. ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಡಿಫರೆನ್ಷಿಯಲ್ ಪ್ರೆಷರ್ ತೆಗೆದು ನನ್ನ ಕಡೆ ತಿರುಗಿಸಿದರು. ‘ಇಂಜಿನ್ ಆಫ್ ಇದೆ ಸರ್. ಹೊಗೆ ಇಲ್ಲ, ಪ್ರೆಷರ್ ಎಲ್ಲಿಂದ ಬರಬೇಕು? ಸೊನ್ನೆ ತೋರಿಸಬೇಕು. ಇದು ಇಪ್ಪತ್ತರ ಮೇಲೆ ತೋರಿಸ್ತಿದೆ.’

ವಿಷಯ ಇಷ್ಟೇ. ಫಿಲ್ಟರಿನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ ಅಳೆಯಲು ಒಂದು ಸೆನ್ಸರ್ ಇದೆ, ಅದಕ್ಕೆ ಎರಡು ಸಣ್ಣ ಪೈಪು. ವ್ಯತ್ಯಾಸ ಜಾಸ್ತಿ ಇದ್ದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ನನ್ನ ಗಾಡಿಯ ಸೆನ್ಸರ್ ಸುಮ್ನೆ ನಿಂತಾಗಲೂ ಸುಳ್ಳು ಹೇಳುತ್ತಿತ್ತು. ಅದನ್ನು ನಂಬಿ ಇಸಿಯು ಬೇಡದಿದ್ದರೂ ರೀಜನ್ ಮಾಡಿಸುತ್ತಿತ್ತು. ಪೈಪುಗಳನ್ನೂ ಬಿಚ್ಚಿ ತೋರಿಸಿದರು. ಒಂದು ರಬ್ಬರ್ ಪೈಪು ಬಿಸಿಗೆ ಗಟ್ಟಿಯಾಗಿ, ಬಗ್ಗಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಬೆರಳಲ್ಲಿ ಒತ್ತಿದಾಗ ಬಾಯಿ ಬಿಟ್ಟಿತು.

ಒರಿಜಿನಲ್ ಸೆನ್ಸರ್, ಎರಡು ಪೈಪು, ಕೂಲಿ ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಸ್ಕ್ಯಾನರಿನಲ್ಲಿ ಹೊಸ ಸೆನ್ಸರ್ ಓದನ್ನು ರೀಸೆಟ್ ಮಾಡಿ, ಒಮ್ಮೆ ರೀಜನ್ ಮಾಡಿಸಿ ಕಳಿಸಿದರು. ಆಮೇಲೆ ಈವರೆಗೂ ದೀಪ ಹತ್ತಿಲ್ಲ.

ಆ ದಿನ ಅವರು ಇಂಜಿನ್ ಆಯಿಲ್ಲನ್ನೂ ಬದಲಿಸಿದರು, ಅವಧಿ ಇನ್ನೂ ಬಾಕಿ ಇದ್ದರೂ. ಕಾರಣ ಡಿಪ್‌ಸ್ಟಿಕ್ಕಿನಲ್ಲೇ ಇತ್ತು. ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ರೀಜನ್‌ಗೆ ಅಂತ ಬಿಟ್ಟ ಡೀಸೆಲ್ ಪೂರ್ತಿ ಉರಿಯದೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಟರ್ಬೊ, ಬೇರಿಂಗ್ ಎರಡೂ ಸವೆಯುತ್ತವೆ. ಆಯಿಲ್ ಕಡಿಮೆಯಾದರೆ ನಾವೆಲ್ಲ ಹೆದರುತ್ತೇವೆ. ಡಿಪಿಎಫ್ ಇರುವ ಗಾಡಿಯಲ್ಲಿ ಜಾಸ್ತಿಯಾದರೂ ಹೆದರಬೇಕು. ಆಯಿಲ್ ಯಾವುದೋ ಒಂದು ನಡೆಯುವುದೂ ಇಲ್ಲ. ಮಸಿ ಸುಡಬಹುದು, ಆದರೆ ಆಯಿಲ್ಲಿನ ಅಡಿಟಿವ್‌ಗಳಿಂದ ಬರುವ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿಯುತ್ತದೆ. ಮ್ಯಾನ್ಯುಯಲ್ಲಿನಲ್ಲಿ ಹೇಳಿರುವ ಕಡಿಮೆ ಬೂದಿಯ ಗ್ರೇಡನ್ನೇ ಕೇಳಿ ಹಾಕಿಸಿ. ನನ್ನ ಗಾಡಿಗೆ ಅದು ಸಿ3. ಬೂದಿ ತುಂಬಿದ ಫಿಲ್ಟರನ್ನೂ ಕೆಲವು ಕಡೆ ಬಿಚ್ಚಿ, ಕಾಯಿಸಿ, ಗಾಳಿ ಹೊಡೆದು ಕ್ಲೀನ್ ಮಾಡುತ್ತಾರೆ. ಹೊಸದು ಹಾಕಿಸುವ ಮುಂಚೆ ಅದನ್ನು ವಿಚಾರಿಸಿ.

ಈ ಓಡಾಟದ ಮಧ್ಯೆ ಒಬ್ಬರು ಇನ್ನೊಂದು ದಾರಿ ಹೇಳಿದರು: ಫಿಲ್ಟರಿನ ಒಳಗಿದ್ದುದನ್ನು ಒಡೆದು ತೆಗೆದು, ಸಾಫ್ಟ್‌ವೇರಿನಲ್ಲಿ ಡಿಪಿಎಫ್ ಆಫ್ ಮಾಡುವುದು. ದಯವಿಟ್ಟು ಮಾಡಿಸಬೇಡಿ. ಕಾನೂನಿನ ಪ್ರಕಾರ ತಪ್ಪು ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಸರಿಯಾಗಿರುವ ಡಿಪಿಎಫ್ ಶೇಕಡಾ 90ಕ್ಕೂ ಹೆಚ್ಚು ಮಸಿಯನ್ನು ಹಿಡಿದಿಡುತ್ತದೆ. ಅದನ್ನು ಕಿತ್ತರೆ ಆ ಹೊಗೆ ಹೋಗುವುದು ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ಸ್ಕೂಟರಿನಲ್ಲಿ ನಿಂತ ಮಗುವಿನ ಮೂಗಿಗೆ ಅಲ್ವಾ? ಹತ್ತು ಸಾವಿರದ ಸೆನ್ಸರಿನ ತೊಂದರೆಗೆ ಇದನ್ನು ಪರಿಹಾರ ಅಂತ ಮಾರುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಮತ್ತೆ ಇದೇ ಥರದ ಗಾಡಿ ತೆಗೆದುಕೊಳ್ಳುತ್ತೀರಾ ಅಂದರೆ, ವಾರಕ್ಕೊಮ್ಮೆಯಾದರೂ ಹೈವೇ ಓಡಾಟ ಇದ್ದರೆ ಖಂಡಿತ. ಬರೀ ಆಫೀಸು, ಸ್ಕೂಲು, ಮಾರ್ಕೆಟ್ ಅಂದರೆ ಪೆಟ್ರೋಲ್ ನೋಡಿ. ಸೆಕೆಂಡ್ ಹ್ಯಾಂಡ್ ಬಿಎಸ್ 6 ಡೀಸೆಲ್ ನೋಡಲು ಹೋಗುವವರು ಸೈಲೆನ್ಸರ್ ಪೈಪಿನ ಒಳಗೆ ಬೆರಳಾಡಿಸಿ ನೋಡಿ, ಇಂಜಿನ್ ತಣ್ಣಗಿದ್ದಾಗ. ನನ್ನದರಲ್ಲಿ ಈಗಲೂ ಬರೀ ಧೂಳು ಹತ್ತುತ್ತದೆ. ಕಪ್ಪು ಮಸಿ ದಪ್ಪಗೆ ಹತ್ತಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಕಿತ್ತಿದ್ದಾರೆ. ಜೊತೆಗೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಇಂಜಿನ್ ಆಫ್ ಇಟ್ಟು ಪ್ರೆಷರ್ ಓದು ನೋಡಿಸಿ, ಆಮೇಲೆ ರೇಟು ಮಾತಾಡಿ.