ಮಾದರಿ ನೋಡಿ ಮರುಳಾಗಿ 240 ಟಿ-ಶರ್ಟಿಗೆ ಹಣ ಕೊಟ್ಟೆ: ಆನ್‌ಲೈನ್‌ನಲ್ಲಿ ಮಾರಲು ಹೊರಟವರಿಗೆ ಒಂದು ಎಚ್ಚರಿಕೆ

ಸ್ವಂತವಾಗಿ ಚಿತ್ರ ಬಿಡಿಸಿ, ಅದನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿ ಆನ್‌ಲೈನ್‌ನಲ್ಲಿ ಮಾರಬೇಕೆಂದಿರುವ ಕನ್ನಡದ ಹುಡುಗ ಹುಡುಗಿಯರು ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ಅನೇಕರಿದ್ದಾರೆ. ರಾಜ್ಯೋತ್ಸವ ಹತ್ತಿರ ಬಂದಂತೆ ನನ್ನನ್ನೂ ಕೆಲವರು "ಯಾವ ಪ್ರಿಂಟಿಂಗ್‌ನವರ ಹತ್ತಿರ ಮಾಡಿಸಿದಿರಿ?" ಎಂದು ಕೇಳುತ್ತಾರೆ. ಕಳೆದ ರಾಜ್ಯೋತ್ಸವದಲ್ಲಿ ನನಗೆ ಆದದ್ದು ಅವರಿಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಆ ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ನನ್ನ ಕೈಯಲ್ಲಿ ದಾಖಲೆ ಇಲ್ಲ, ಏಕಿಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ನಾನು ಡೊಂಬಿವಲಿಯವಳು, ಒಂದು ಜಾಹೀರಾತು ಕಚೇರಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ದಿನವೂ ಸ್ಲೋ ಲೋಕಲ್‌ನಲ್ಲಿ "ಪುಢೀಲ್ ಸ್ಟೇಷನ್" ಎಂಬ ಘೋಷಣೆಯನ್ನು ಕೇಳುತ್ತ ಹೋಗುವಾಗ, ಅದೇ ಮಾತು ಒಮ್ಮೆಯಾದರೂ ನಮ್ಮ ಭಾಷೆಯಲ್ಲಿ ಕೇಳಿಸಬಾರದೇ ಎನ್ನಿಸಿ "ಮುಂದಿನ ನಿಲ್ದಾಣ ಮಾಟುಂಗಾ" ಎಂಬ ಚಿತ್ರವನ್ನು ಬಿಡಿಸಿದೆ. ಮೈಸೂರು ಅಸೋಸಿಯೇಶನ್ ಇರುವ ಮಾಟುಂಗಾ ಈ ಊರಿನ ಕನ್ನಡಿಗರಿಗೆ ಎಷ್ಟು ಹತ್ತಿರದ್ದು ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. 2017ರಿಂದ ಆ ನಿಲ್ದಾಣವನ್ನು ಮಹಿಳಾ ಸಿಬ್ಬಂದಿಯೇ ನಡೆಸುತ್ತಿರುವುದರಿಂದ, ಹಸಿರು ಬಾವುಟ ಹಿಡಿದು ನಿಂತ ಒಬ್ಬ ಹೆಣ್ಣುಮಗಳನ್ನೂ ಚಿತ್ರದಲ್ಲಿ ಸೇರಿಸಿದ್ದೆ. ಅಕ್ಷರಗಳಿಗೆ ಮುಂಬಯಿಯದೇ ಆದ ಏಕ್ ಟೈಪ್ ಬಳಗ ರೂಪಿಸಿರುವ "ಬಲೂ ತಮ್ಮ" ಎಂಬ ಕನ್ನಡ ಫಾಂಟನ್ನು ಬಳಸಿದೆ. ಅದು ಮುಕ್ತ ಪರವಾನಗಿಯದಾದ್ದರಿಂದ ವ್ಯಾಪಾರಕ್ಕೂ ಧಾರಾಳವಾಗಿ ಬಳಸಬಹುದು. ಚಿತ್ರವನ್ನು ಆನ್‌ಲೈನ್‌ನಲ್ಲಿ ಹಾಕಿ, 549 ರೂಪಾಯಿಯಂತೆ ಮುಂಗಡ ಬುಕಿಂಗ್ ತೆರೆದಾಗ ಹದಿನೈದು ದಿನದಲ್ಲಿ 186 ಜನ ಹಣ ಕಟ್ಟಿದರು.

ಮುಂಬಯಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾದಲ್ಲಿ, ಅಂದರೆ ಕಾರ್ಖಾನೆಯ ಮಳಿಗೆಯಲ್ಲಿ, ಇರುವ ಪ್ರಿಂಟಿಂಗ್‌ನವರನ್ನು ಪರಿಚಯದವರೊಬ್ಬರು ತೋರಿಸಿಕೊಟ್ಟರು. ತಿರುಪ್ಪೂರಿನ 180 ಜಿಎಸ್‌ಎಂ ತೂಕದ ಹತ್ತಿಯ ಕಪ್ಪು ಟಿ-ಶರ್ಟು, ಬಯೋವಾಶ್ ಆದದ್ದು, ಅದರ ಮೇಲೆ ಮೂರು ಸ್ಕ್ರೀನಿನ ಅಚ್ಚು, ಅಂದರೆ ಬಣ್ಣಕ್ಕೊಂದು ಜಾಲರಿ ಇಟ್ಟು ಶಾಯಿ ಒತ್ತುವ ಕೆಲಸ, ಎಂದು ಮಾತಾಯಿತು. ಕಪ್ಪು ಬಟ್ಟೆಯ ಮೇಲೆ ಬಣ್ಣ ಮಂಕಾಗದಿರಲು ಕೆಳಗೊಂದು ಬಿಳಿಯ ಪದರ ಬೇಕಾಗುತ್ತದೆ. ಬಿಳಿ, ಹಸಿರು, ಹಳದಿ ಸೇರಿ ಮೂರು ಸ್ಕ್ರೀನಿಗೆ 1,800 ರೂಪಾಯಿಯನ್ನು ಬೇರೆಯಾಗಿ ಕೊಟ್ಟೆ. ನಾಲ್ಕು ದಿನದಲ್ಲಿ ಅವರು ಕೈಗಿತ್ತ ಮಾದರಿ ನಿಜಕ್ಕೂ ಚೆನ್ನಾಗಿತ್ತು: ಬಟ್ಟೆ ತೂಕವಾಗಿತ್ತು, ಶಾಯಿ ಬಟ್ಟೆಯೊಳಗೆ ಕೂತಿತ್ತು, ಕಾಲರಿನ ಕೆಳಗೆ ಸಾಸಿವೆಯಷ್ಟು ಹಳದಿ ಚುಕ್ಕೆ ಸಿಡಿದಿದ್ದನ್ನು ಬಿಟ್ಟರೆ ಹೆಸರಿಡುವಂತಿರಲಿಲ್ಲ. ನಾನು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡೆ. "ಮ್ಯಾಡಮ್, ಮಾದರಿ ನಮ್ಮ ಹತ್ತಿರವೇ ಇರಲಿ, ಹುಡುಗರು ನೋಡಿ ಮಾಡುತ್ತಾರೆ" ಎಂದು ಅವರು ಹೇಳಿದಾಗ ಅದನ್ನು ಅಲ್ಲಿಯೇ ಬಿಟ್ಟುಬಂದೆ.

240 ಅಂಗಿ, ಒಂದಕ್ಕೆ 260 ರೂಪಾಯಿ, ಒಟ್ಟು 62,400. "ಬಿಲ್ ಬೇಕೆಂದರೆ ಶೇಕಡಾ 5ರಷ್ಟು ಜಿಎಸ್‌ಟಿ ಹೆಚ್ಚಾಗುತ್ತದೆ, ಬೇಡವೆಂದರೆ ಇಷ್ಟರಲ್ಲೇ ಆಗುತ್ತದೆ" ಎಂದರು. 3,120 ರೂಪಾಯಿ ಉಳಿಯಿತೆಂದು ನಾನು ಬಿಲ್ ಬೇಡ ಎಂದೆ. ಆ ಒಂದು ಮಾತಿನಿಂದ ನಾನು ಯಾರ ಬಳಿ ಏನನ್ನು ಕೊಂಡೆ, ಯಾವ ಗುಣಮಟ್ಟದ್ದನ್ನು ಕೊಂಡೆ ಎಂಬುದಕ್ಕೆ ಕಾಗದದ ಮೇಲೆ ಒಂದಕ್ಷರವೂ ಉಳಿಯಲಿಲ್ಲ. ಅರ್ಧ ಹಣವನ್ನು ಅಂದೇ ಯುಪಿಐ ಮೂಲಕ ಅವರು ಹೇಳಿದ ಬೇರೆ ಯಾರದೋ ಹೆಸರಿನ ಖಾತೆಗೆ ಕಳಿಸಿದೆ. ಹಣ ಪಡೆಯುವವರ ಹೆಸರು ಅಂಗಡಿಯ ಹೆಸರಿಗೆ ತಾಳೆಯಾಗದಿದ್ದಾಗ ಅಲ್ಲಿಯೇ ನಿಲ್ಲಬೇಕಿತ್ತು.

ಎರಡನೆಯ ತಪ್ಪು ಓಪನ್ ಫೈಲ್, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಮೂಲ ಫೈಲ್, ಕೊಟ್ಟದ್ದು. ಮಾದರಿಗೆ ನಾನು ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ, ಅಂದರೆ ಫಾಂಟ್ ಬೇಕಾಗದಂತೆ ಬರೀ ರೇಖೆಗಳಾಗಿ ಬದಲಿಸಿದ, ಫೈಲನ್ನೇ ಕಳಿಸಿದ್ದೆ. ಆದರೆ "ಸ್ಮಾಲ್ ಸೈಜಿಗೆ 11 ಇಂಚಿನ ಚಿತ್ರ ದೊಡ್ಡದಾಗುತ್ತದೆ, 9 ಇಂಚಿಗೆ ತರಬೇಕು, ಓಪನ್ ಫೈಲ್ ಕಳಿಸಿ" ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ, ಅವಸರದಲ್ಲಿ ಮೂಲ ಫೈಲನ್ನೇ ಕಳಿಸಿಬಿಟ್ಟೆ. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರವನ್ನು ಜೋಡಿಸಿ ತೋರಿಸುವ ಕೆಲಸ ಫಾಂಟ್ ಮತ್ತು ಸಾಫ್ಟ್‌ವೇರ್ ಎರಡರದ್ದೂ ಆಗಿರುತ್ತದೆ. ಎದುರಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಥವಾ ಸಾಫ್ಟ್‌ವೇರ್ ಹಳೆಯದಾಗಿದ್ದರೆ, ಇಲ್ಲವೇ ಅದರಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಹಾಕಿರದಿದ್ದರೆ, ಅಕ್ಷರಗಳು ಬಿಡಿಬಿಡಿಯಾಗಿ ಬಂದುಬಿಡುತ್ತವೆ, ಮತ್ತು ಕನ್ನಡ ಓದಲು ಬಾರದವರಿಗೆ ಅದು ತಪ್ಪೆಂದು ಗೊತ್ತೇ ಆಗುವುದಿಲ್ಲ.

ಕೊನೆಯ ವಾರದಲ್ಲಿ ಅವರೇ ಒಂದು ಸೌಕರ್ಯವನ್ನೂ ಮುಂದಿಟ್ಟರು: "ಮಾಲನ್ನು ಡೊಂಬಿವಲಿಗೆ ಒಯ್ದು ಮತ್ತೆ ಕೊರಿಯರಿಗೆ ಹಾಕುವುದೇಕೆ? ವಿಳಾಸಗಳನ್ನು ಕಳಿಸಿ, ನಾವೇ ಪ್ಯಾಕ್ ಮಾಡಿ ಕಳಿಸುತ್ತೇವೆ." ಕಚೇರಿಯ ಕೆಲಸದ ನಡುವೆ 186 ಪೊಟ್ಟಣಗಳನ್ನು ಕಟ್ಟುವುದು ನನಗೂ ಕಷ್ಟವೇ ಆಗಿತ್ತು. ನನ್ನ ಗ್ರಾಹಕರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಇದ್ದ ಇಡೀ ಪಟ್ಟಿಯನ್ನು ಕಳಿಸಿದೆ. ಅಟ್ಟಿ ಪೇರಿಸಿಟ್ಟ ಅಂಗಿಗಳ ಫೋಟೋ ಬಂತು, ಅದನ್ನು ನೋಡಿ ಬಾಕಿ 31,200 ರೂಪಾಯಿಯನ್ನೂ ಕೊಟ್ಟೆ. ಆ ಫೋಟೋದಲ್ಲಿ ಎಲ್ಲಕ್ಕಿಂತ ಮೇಲಿದ್ದ ಅಂಗಿಯ ಕಾಲರಿನ ಕೆಳಗೆ ಸಾಸಿವೆಯಷ್ಟು ಹಳದಿ ಚುಕ್ಕೆ ಇತ್ತು. ನಾನು ಅದನ್ನು ಗಮನಿಸಿದ್ದು ಎಲ್ಲ ಮುಗಿದ ಮೇಲೆ, ಎರಡು ಫೋಟೋಗಳನ್ನೂ ಪಕ್ಕಪಕ್ಕದಲ್ಲಿಟ್ಟು ದೊಡ್ಡದು ಮಾಡಿ ನೋಡಿದಾಗ.

ಮೊದಲ ಫೋನ್ ಬಂದದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ, ಧಾರವಾಡ ಕಡೆಯ ಹಿರಿಯರೊಬ್ಬರಿಂದ. "ತಂಗೀ, ಅಂಗಿ ಬಂತು. ಆದರ ನಿಲ್ದಾಣದ ದ ಒತ್ತು ಎಲ್ಲಿ ಹೋತವಾ?" ಎಂದರು. ಅವರು ಕಳಿಸಿದ ಫೋಟೋ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. "ನಿ" ಅಕ್ಷರದ ಗುಡಿಸು ಕಳಚಿ ಪಕ್ಕಕ್ಕೆ ಬಿದ್ದಿತ್ತು, "ಲ್" ಒಂದು ಕಡೆ, "ದಾ" ಇನ್ನೊಂದು ಕಡೆ ನಿಂತಿದ್ದವು. ಕನ್ನಡದ ಅಭಿಮಾನದಿಂದ ಕೊಂಡವರ ಎದೆಯ ಮೇಲೆ ಒಡೆದ ಕನ್ನಡವನ್ನು ಹಾಕಿ ಕಳಿಸಿದ್ದೆ. "ಬ್ಯಾಸರಾ ಮಾಡ್ಕೋಬ್ಯಾಡ, ಸರಿ ಮಾಡಿಸು" ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಉಳಿದ 54 ಅಂಗಿಗಳು ಮನೆಗೆ ಬಂದಾಗ ಒಂದೊಂದನ್ನೂ ಬಿಚ್ಚಿ ನೋಡಿದೆ. ಅಚ್ಚನ್ನು ಮುಟ್ಟಿದರೆ ಪ್ಲಾಸ್ಟಿಕ್ ಹಾಳೆಯಂತಿತ್ತು, ಚಿತ್ರದ ಅಂಚಿನ ಸುತ್ತ ತೆಳುವಾದ ಗೆರೆ ಹೊಳೆಯುತ್ತಿತ್ತು. ಅಂದರೆ ಅವರು ಸ್ಕ್ರೀನ್ ಬಿಟ್ಟು ಡಿಟಿಎಫ್ ಮಾಡಿದ್ದರು. ಈ ವಿಧಾನದಲ್ಲಿ ಚಿತ್ರವನ್ನು ಮೊದಲು ಫಿಲ್ಮಿನ ಮೇಲೆ ಮುದ್ರಿಸಿ, ಹಿಂಬದಿಗೆ ಅಂಟಿನ ಪುಡಿ ಉದುರಿಸಿ, ಬಿಸಿಯಲ್ಲಿ ಕರಗಿಸಿ, ಬಳಿಕ ಹೀಟ್ ಪ್ರೆಸ್‌ನಿಂದ ಅಂಗಿಗೆ ಒತ್ತುತ್ತಾರೆ. ಡಿಟಿಎಫ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ಅಂಗಿಗಳಿಗೆ, ಬಹಳ ಬಣ್ಣಗಳಿರುವ ಚಿತ್ರಕ್ಕೆ ಅದೇ ಸರಿ, ಮತ್ತು ಪುಡಿ ಸರಿಯಾಗಿ ಕರಗಿ, ಬಿಸಿ ಮತ್ತು ಒತ್ತಡ ಸಾಕಷ್ಟು ಸಿಕ್ಕರೆ ಅದು ಬಾಳಿಕೆಯೂ ಬರುತ್ತದೆ. ಇಲ್ಲಿ ಅವಸರದಲ್ಲಿ ಒಮ್ಮೆ ಒತ್ತಿ ಬಿಟ್ಟಿದ್ದರು. ಎರಡನೆಯ ಒಗೆತಕ್ಕೆ ಬಾವುಟದ ಮೂಲೆ ಎದ್ದು, ಉಗುರು ತಾಗಿಸಿದರೆ ಸುಲಿದು ಬಂತು.

ಬಟ್ಟೆಯನ್ನೂ ಪರೀಕ್ಷಿಸಿದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಂಗಿಯಿಂದ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತುಂಡನ್ನು ಕತ್ತರಿಸಿ, ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯಲ್ಲಿಟ್ಟು, ಬಂದ ತೂಕವನ್ನು ನೂರರಿಂದ ಗುಣಿಸಿದರೆ ಆಯಿತು. 1.8 ಗ್ರಾಂ ಬರಬೇಕಾದಲ್ಲಿ ನನಗೆ 1.43 ಬಂತು. ಒಗೆದ ಮೇಲೆ 28 ಇಂಚಿನ ಉದ್ದ ಇಪ್ಪತ್ತಾರೂವರೆಗೆ ಇಳಿಯಿತು. ಬಯೋವಾಶ್ ಆದ ಬಟ್ಟೆ ಕುಗ್ಗುವುದಿಲ್ಲ ಎಂದು ನಾನು ತಿಳಿದಿದ್ದೆ, ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಬಯೋವಾಶ್ ಎಂದರೆ ಕಿಣ್ವದಿಂದ ಬಟ್ಟೆಯ ಮೇಲಿನ ಜುಂಗನ್ನು ತೆಗೆದು ನುಣುಪು ಮಾಡುವುದು ಮಾತ್ರ. ಕುಗ್ಗದಂತೆ ಮಾಡುವುದು ಬೇರೆಯದೇ ಸಂಸ್ಕರಣ, ಅದನ್ನು ಬೇರೆಯಾಗಿಯೇ ಕೇಳಬೇಕು.

ಗಾಳಾಕ್ಕೆ ಹೋಗಿ ಕೇಳಿದರೆ "ನೀವು ಕಳಿಸಿದ ಫೈಲಿನಲ್ಲಿ ಇದ್ದಂತೆಯೇ ಮಾಡಿದ್ದೇವೆ" ಎಂಬ ಉತ್ತರ ಬಂತು. ಮಾದರಿ ತೋರಿಸಿ ಎಂದೆ. ಅದು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದರು. ಹೋಲಿಸಿ ತೋರಿಸಲು ನನ್ನ ಕೈಯಲ್ಲಿ ಏನಿತ್ತು? ವಾಟ್ಸ್ಆ್ಯಪ್‌ನಲ್ಲಿ ಅವರು ಬರೆದದ್ದು "ಸೇಮ್ ಕ್ವಾಲಿಟಿ ಮಿಲೇಗಾ" ಎಂಬ ಮೂರು ಪದ ಮಾತ್ರ. ಯಾವುದಕ್ಕೆ ಸೇಮ್ ಎಂದು ಆ ಮಾತಿನಲ್ಲಿ ಇರಲಿಲ್ಲ.

ಇದಾಗಿ ಒಂದು ತಿಂಗಳಿಗೆ ನನ್ನ ಗ್ರಾಹಕರಲ್ಲಿ ಹಲವರಿಗೆ ಅಪರಿಚಿತ ಸಂಖ್ಯೆಯಿಂದ ಇದೇ ಚಿತ್ರದ ಟಿ-ಶರ್ಟು 349 ರೂಪಾಯಿಗೆ ಸಿಗುತ್ತದೆ ಎಂಬ ಸಂದೇಶ ಬಂತು. ಪಟ್ಟಿ ಮತ್ತು ಓಪನ್ ಫೈಲ್ ಎರಡೂ ಯಾರ ಬಳಿ ಇದ್ದವು ಎಂದು ನನಗೆ ಗೊತ್ತು, ಆದರೆ ಸಾಬೀತು ಮಾಡಲಾರೆ. ಪರಿಚಯದ ವಕೀಲರೊಬ್ಬರು ಹೇಳಿದ್ದನ್ನು ಕೇಳಿ ಇನ್ನಷ್ಟು ಕುಸಿದೆ. ಚಿತ್ರ ಬಿಡಿಸಿದ ಕ್ಷಣದಿಂದ ಅದರ ಹಕ್ಕುಸ್ವಾಮ್ಯ ನನ್ನದೇ, ನೋಂದಣಿ ಕಡ್ಡಾಯವಲ್ಲ ಎಂದು ನಾನು ನೆಚ್ಚಿಕೊಂಡಿದ್ದೆ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, 2000ದ ವಿನ್ಯಾಸಗಳ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಹಕ್ಕುಸ್ವಾಮ್ಯ ಮುಗಿಯುತ್ತದೆ. ನಾನು 240 ಮಾಡಿಸಿದ್ದೆ. ಈಗ ನೋಂದಾಯಿಸೋಣವೆಂದರೆ, ಅರ್ಜಿಗೆ ಮೊದಲೇ ಸಾರ್ವಜನಿಕವಾಗಿ ಪ್ರಕಟವಾದ ವಿನ್ಯಾಸಕ್ಕೆ ನೋಂದಣಿ ಸಿಗುವುದಿಲ್ಲ. ಬುಕಿಂಗಿಗಾಗಿ ಅದನ್ನು ಊರಿಗೆಲ್ಲ ತೋರಿಸಿದವಳು ನಾನೇ. ನಿಮ್ಮ ಚಿತ್ರ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗುವ ಭರವಸೆ ನಿಮಗಿದ್ದರೆ, ಆನ್‌ಲೈನ್‌ನಲ್ಲಿ ಹಾಕುವ ಮೊದಲೇ ವಕೀಲರ ಹತ್ತಿರ ಹೋಗಿ.

ಗ್ರಾಹಕರ ಪಾಲಿಗೆ ಮಾರಿದವಳು ನಾನು. ದೋಷವಿರುವ ಅಥವಾ ಹೇಳಿದಂತಿಲ್ಲದ ಸರಕನ್ನು ಮಾರಾಟಗಾರ ಹಿಂತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ. ಆ ನಿಯಮ ಇಲ್ಲದಿದ್ದರೂ ನಾನು ಬೇರೆ ಏನನ್ನೂ ಮಾಡುತ್ತಿರಲಿಲ್ಲ. ಹಣ ವಾಪಸ್ ಬೇಕೋ, ಹೊಸದಾಗಿ ಮಾಡಿಸಿದ ಅಂಗಿ ಬೇಕೋ ಎಂದು 186 ಜನರಿಗೂ ಬರೆದೆ. 71 ಜನರಿಗೆ 38,979 ರೂಪಾಯಿ ಮರಳಿಸಿದೆ. 98 ಜನ ಹೊಸ ಅಂಗಿಗೆ ಒಪ್ಪಿದರು. ಡೊಂಬಿವಲಿಯ ಹತ್ತಿರದವರೇ ಆದ ಬೇರೆ ಪ್ರಿಂಟಿಂಗ್‌ನವರಲ್ಲಿ ಅದಕ್ಕೆ 30,380 ರೂಪಾಯಿ, ಕೊರಿಯರಿಗೆ 5,880 ರೂಪಾಯಿ ಖರ್ಚಾಯಿತು. ಬಿಲ್ ಬೇಡವೆಂದು ಉಳಿಸಿದ 3,120 ರೂಪಾಯಿಗೆ ನಾನು ತೆತ್ತದ್ದು 75,239 ರೂಪಾಯಿ.

ಎರಡನೆಯ ಬಾರಿ ಕೆಲಸ ಕೊಟ್ಟಾಗ ಎರಡು ಮಾದರಿಗಳನ್ನು ಮಾಡಿಸಿದೆ. ಎರಡರ ಒಳಪಟ್ಟಿಯ ಮೇಲೂ ಇಬ್ಬರೂ ಸಹಿ ಹಾಕಿ, ತಾರೀಖು ಬರೆದು, ಒಂದನ್ನು ನಾನು ಇಟ್ಟುಕೊಂಡೆ. ಜಿಎಸ್‌ಎಂ, ಕುಗ್ಗುವಿಕೆ, ಅಚ್ಚಿನ ವಿಧಾನ, ಅಳತೆವಾರು ಸಂಖ್ಯೆ, ಕೊಡಬೇಕಾದ ದಿನ ಎಲ್ಲವನ್ನೂ ಇಮೇಲಿನಲ್ಲಿ ಬರೆದು, ಅವರಿಂದ "ಒಪ್ಪಿಗೆ" ಎಂಬ ಉತ್ತರ ತರಿಸಿಕೊಂಡ ಮೇಲೆಯೇ ಮುಂಗಡ ಕೊಟ್ಟೆ, ಅದೂ ಬಿಲ್ಲಿನಲ್ಲಿರುವ ಹೆಸರಿನ ಖಾತೆಗೆ. ಪ್ರತಿ ಅಳತೆಗೂ ಬೇರೆ ಫೈಲನ್ನು ನಾನೇ ತಯಾರಿಸಿ, ಅಕ್ಷರಗಳನ್ನು ಕರ್ವ್ ಮಾಡಿ, ಪಿಡಿಎಫ್ ಕಳಿಸಿದೆ. ಜೊತೆಗೆ ಹೀಗೆ ಕಾಣಬೇಕು ಎಂದು ಒಂದು ಚಿತ್ರವನ್ನೂ ಕಳಿಸಿದೆ. ಕೊನೆಗೆ ಗಾಳಾಕ್ಕೆ ಹೋಗಿ, ಅಟ್ಟಿಯ ನಡುವಿನಿಂದ ಅಳತೆಗೆ ಎರಡರಂತೆ ಅಂಗಿಗಳನ್ನು ಎಳೆದು, ಸಹಿ ಮಾಡಿದ ಮಾದರಿಯ ಪಕ್ಕದಲ್ಲಿಟ್ಟು ನೋಡಿ, ಎಣಿಸಿ, ಅನಂತರ ಬಾಕಿ ಕೊಟ್ಟೆ. ವಿಳಾಸದ ಪಟ್ಟಿಯನ್ನು ಯಾರಿಗೂ ಕೊಡಲಿಲ್ಲ. ಪೊಟ್ಟಣಗಳನ್ನು ಅಮ್ಮ ಮತ್ತು ನಾನು ಎರಡು ಭಾನುವಾರ ಕೂತು ಕಟ್ಟಿದೆವು. ಆ ಪ್ರಿಂಟಿಂಗ್‌ನವರು ಇದಾವುದಕ್ಕೂ ಬೇಸರಪಟ್ಟುಕೊಳ್ಳಲಿಲ್ಲ, ಬಿಲ್ಲಿನ ಮಾತನ್ನು ತಾವೇ ಮೊದಲು ಎತ್ತಿದರು.

ಮೊದಲ ಸಲ ಕೊಂಡವರಲ್ಲಿ 17 ಜನರಿಂದ ಇನ್ನೂ ಉತ್ತರ ಬಂದಿಲ್ಲ. ಒಡೆದ ಅಕ್ಷರದ ಕಪ್ಪು ಅಂಗಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ವಾಪಸ್ ಕಳಿಸುವ ಅಗತ್ಯವಿಲ್ಲ. ಬುಕಿಂಗ್ ಮಾಡಿದ ಸಂಖ್ಯೆಯಿಂದಲೇ ನನಗೆ ಒಂದು ಸಂದೇಶ ಹಾಕಿ. ಹಣ ಬೇಕೆಂದರೆ ಅದೇ ದಿನ ಕಳಿಸುತ್ತೇನೆ. ಅಂಗಿಯೇ ಬೇಕೆಂದರೆ ಅಳತೆ ತಿಳಿಸಿ, 17 ಜನರ ಪಾಲಿನದನ್ನು ಬೇರೆ ಯಾರಿಗೂ ಮಾರದೆ ತೆಗೆದಿಟ್ಟಿದ್ದೇನೆ.